ರಕ್ತಕ್ಕೊಂದು ಗುಡಿಸು

ಪ್ರೀತಿಯ ಅಕ್ಕನಿಗೆ,

ನಾನೊಂದು ಅಪರಾಧ ಮಾಡಿದ್ದೇನೆ, ಎದೆ ಗಟ್ಟಿ ಮಾಡಿಕೊಂಡು ಓದು. ಆಸ್ಪತ್ರೆಯ ಗೋಡೆಯಲ್ಲಿ 'ರಿಕ್ತ ಪರೀಕ್ಷೆ' ಎಂದಿದ್ದುದನ್ನು, ನರ್ಸಮ್ಮನ ಪೆನ್ನು ಕದ್ದು, 'ರಕ್ತ ಪರೀಕ್ಷೆ' ಎಂದು ತಿದ್ದಿದೆ. ಅಚ್ಚುಮನೆಯಲ್ಲಿ ಕರಡು ತಿದ್ದಿ ತಲೆ ಹಣ್ಣಾದವನು ನಾನು. ನನ್ನ ಕಣ್ಣು ತಪ್ಪಿಸಿ ಒಂದು ತಪ್ಪೂ ಹೋದದ್ದಿಲ್ಲ!

"ಏನಣ್ಣಾ, ಗೋಡೇನೂ ಬಿಡಲ್ವಾ ನೀವು?" ಎಂದರು ನರ್ಸಮ್ಮ.

ಡಾಕ್ಟರು ಬಂದು ಹೋದಮೇಲೆ, ಮೊದಲು ಬರೆದದ್ದೇ ಸರಿಯೆನ್ನಿಸಿತು. ನನ್ನ ಮೈಯ ಕಾವಲಿನವರೇ ನನ್ನ ಕೆಂಪು ರಕ್ತಕಣಗಳನ್ನು ಹೊರಗಿನವೆಂದು ಹೊಡೆದುಹಾಕುತ್ತಿದ್ದಾರಂತೆ. ರಕ್ತಕ್ಕೊಂದು ಗುಡಿಸು ಕೊಟ್ಟರೆ ರಿಕ್ತ, ಅಂದರೆ ಬರಿದು. ಒಳಗೆ ಗುಡಿಸುವ ಕೆಲಸ ಜೋರಾಗಿಯೇ ನಡೆದಿದೆ. ಬೇರೆಯವರ ರಕ್ತ ಏರಿಸಿದರೂ ನಿಲ್ಲುತ್ತಿಲ್ಲ.

"ನಮ್ಮಕ್ಕ ಕೊಡ್ತಾಳೆ ಡಾಕ್ಟ್ರೇ" ಎಂದೆ.

"ಒಡಹುಟ್ಟಿದೋರದೂ ಅಷ್ಟೇ ರೀ, ಉಳಿಯಲ್ಲ" ಎಂದರು.

ರಕ್ತಸಂಬಂಧಕ್ಕೆ ಬಂದ ಗತಿ ನೋಡು!

ಆದ್ದರಿಂದ ನೀನು ಬರಬೇಡ. ಆ ಮಂಡಿನೋವಿನಲ್ಲಿ ಬಸ್ಸು ಹತ್ತುವುದೇನೂ ಬೇಕಿಲ್ಲ. ಇಲ್ಲಿ ವಿಪರೀತ ಚಳಿ. ನನ್ನ ಹಳೇ ಶಾಲನ್ನು ಯಾರ ಕೈಲಾದರೂ ಕಳಿಸು. ನಾನು ಧೈರ್ಯವಾಗಿದ್ದೇನೆ.

ಇಂತಿ,
ನಿನ್ನ ತಮ್ಮ

ತಪ್ಪು–ಒಪ್ಪು: ಮಡಿಸುವ ಮುಂಚೆ ಓದಿ ನೋಡಿದರೆ ನನ್ನದೇ ಒಂದು ತಪ್ಪು ಸಿಕ್ಕಿತು, ನಾಚಿಕೆಗೇಡು. 'ಬರಬೇಡ' ಎಂದಿರುವಲ್ಲಿ 'ಶಾಲು ಹಿಡಿದು ನೀನೇ ಬೇಗ ಬಾ' ಎಂದು ತಿದ್ದಿಕೊಂಡು ಓದು.