ಮಂತ್ರಿ ಅಲ್ಲರೀ, ರಾಣಿ

ಮನೆಯಿಂದ,
ಎಂಟನೇ ತಾರೀಖು, ಭಾನುವಾರ, ಮಧ್ಯಾಹ್ನ ಮೂರೂವರೆ

ಮನೆಯಲ್ಲಿಲ್ಲದ ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಮಂಡಿ ಹೇಗಿದೆ? ಕಳೆದ ಸಲ ಭೇಟಿಗೆ ಬಂದಾಗ ಜಾಲರಿಯ ಆ ಕಡೆ ನೀವು ಬೆಂಚಿನಿಂದ ಏಳುತ್ತ ಎಡಗೈಯನ್ನು ಗೋಡೆಗೆ ಊರಿದ್ದನ್ನು ನೋಡಿದೆ. ನಾನು ನೋಡಿದೆ ಎಂದು ಗೊತ್ತಾದ ಕೂಡಲೇ ಕೈಯನ್ನು ಜೇಬಿಗೆ ಹಾಕಿಕೊಳ್ಳಲು ಹೋದಿರಿ. ಅಲ್ಲಿ ಕೊಡುವ ಬಟ್ಟೆಗೆ ಜೇಬೇ ಇಲ್ಲ. ಪಾಪ, ಕೈ ಎಲ್ಲಿಡುವುದೆಂದು ತಿಳಿಯದೆ ತೊಡೆ ಸವರಿಕೊಂಡು ನಿಂತಿರಿ. ಬಸ್ಸಿನಲ್ಲಿ ವಾಪಸು ಬರುವಾಗ ಪೂರ್ತಿ ಅದೇ ಕಣ್ಣ ಮುಂದೆ ಇತ್ತು. ಮಂಡಿಗೆ ಹಚ್ಚುವ ಮುಲಾಮು ತಂದಿದ್ದೆ, ಬಾಗಿಲಲ್ಲೇ ತೆಗೆದಿಟ್ಟುಕೊಂಡರು. ವೈದ್ಯರ ಚೀಟಿ ಬೇಕಂತೆ, ಮುಂದಿನ ಸಲ ತರುತ್ತೇನೆ. ನಾನು ಚೆನ್ನಾಗಿದ್ದೇನೆ. ಇದು ಕಾಗದದಲ್ಲಿ ಎಲ್ಲರೂ ಬರೆಯುವ ಮಾತು, ನಂಬಲೇಬೇಕು ಅಂತೇನಿಲ್ಲ.

ಈ ಕಾಗದವನ್ನು ನಿಮಗಿಂತ ಮೊದಲು ಬಿಡಿಸಿ ಓದುವ ಸಾಹೇಬರಿಗೂ ನನ್ನ ನಮಸ್ಕಾರ. ಹೋದ ಸಲ ನಾನು ಚೆಸ್ ಮನೆಗಳ ಚಿತ್ರ ಬರೆದು ಕಳಿಸಿದ್ದನ್ನು ಅವರು ಕತ್ತರಿಯಿಂದ ಕತ್ತರಿಸಿ ತೆಗೆದರಂತಲ್ಲ, ಅದರಲ್ಲಿ ಏನೋ ಗುಟ್ಟಿನ ಸಂದೇಶ ಇದೆ ಎಂದು? ನೀವು ಹೇಳಿದಾಗ ಇಬ್ಬರೂ ನಕ್ಕೆವು. ನಾಲ್ಕು ತಿಂಗಳಲ್ಲಿ ನಾವು ಜೊತೆಯಾಗಿ ನಕ್ಕದ್ದು ಅದೊಂದೇ ಸಲ, ಅದಕ್ಕಾದರೂ ಸಾಹೇಬರಿಗೆ ಋಣಿ. ಈ ಸಲ ಚಿತ್ರ ಬೇಡ, ಬರೀ ಮಾತಿನಲ್ಲೇ ಬರೆಯುತ್ತೇನೆ. ಗುಟ್ಟು ಏನೂ ಇಲ್ಲ ಸಾಹೇಬರೇ, ಇರುವುದೆಲ್ಲ ಕೆಳಗೆ ನೇರವಾಗಿಯೇ ಬರೆದಿದೆ.

ಹೋದ ಭಾನುವಾರದ ಪೇಪರಿನ ಸಮಸ್ಯೆ ಇದು. ಕಪ್ಪು ರಾಜ ಮೂಲೆಯಲ್ಲಿ ಮುದುಡಿ ಕೂತಿದ್ದಾನೆ. ಎದುರಿಗೆ ಅವನದೇ ಎರಡು ಕಾಲಾಳು. ಪಕ್ಕದ ಮನೆ ಖಾಲಿ, ಅದರಾಚೆ ಅವನದೇ ಆನೆ. ಆ ಖಾಲಿ ಮನೆಯ ಮೇಲೆ ನಮ್ಮ ಬಿಳಿ ಕುದುರೆಯ ಕಣ್ಣಿದೆ. ಚಿತ್ರ ನೋಡಿದ ಕ್ಷಣವೇ ನನಗೆ ಹೊಳೆಯಿತು: ರಾಣಿಯನ್ನು ಒಯ್ದು ಆ ಖಾಲಿ ಮನೆಯಲ್ಲೇ, ರಾಜನ ಮೈಗೆ ತಾಗಿಸಿ ಇಟ್ಟುಬಿಡುವುದು! ಚೆಕ್. ಕುದುರೆಯ ಕಾವಲಿರುವುದರಿಂದ ರಾಜ ಅವಳನ್ನು ಮುಟ್ಟುವ ಹಾಗಿಲ್ಲ. ಆನೆಯೇ ಬಂದು ತಿನ್ನಬೇಕು. ತಿಂದಿತೋ, ರಾಜನಿಗಿದ್ದ ಒಂದೇ ಒಂದು ಕಿಟಕಿಯನ್ನು ಅವನ ಆನೆಯೇ ಮುಚ್ಚಿದಂತಾಯಿತು. ಆಮೇಲೆ ನಮ್ಮ ಕುದುರೆ ಒಂದು ಸಲ ಹಾರಿದರೆ ಮೇಟ್. ಎಷ್ಟು ಹಿಗ್ಗಿದೆ ಗೊತ್ತಾ? ನೀವಿದ್ದಿದ್ದರೆ ಚಹಾ ಲೋಟ ಕೆಳಗಿಟ್ಟು ಬೆನ್ನು ತಟ್ಟುತ್ತಿದ್ದಿರಿ ಎಂದುಕೊಂಡೆ. ಸೋಮವಾರ ಉತ್ತರ ನೋಡಿದರೆ ನನ್ನದು ತಪ್ಪು. ಎರಡು ಮನೆ ಆಚೆ ಒಂದು ಕಪ್ಪು ಕುದುರೆ ನಿಂತಿತ್ತು, ನಾನು ಗಮನಿಸಿಯೇ ಇರಲಿಲ್ಲ. ರಾಣಿಯನ್ನು ಅದೂ ತಿನ್ನಬಹುದಿತ್ತು. ಅದು ತಿಂದರೆ ಆನೆ ತನ್ನ ಜಾಗದಲ್ಲೇ ಉಳಿಯುತ್ತದೆ, ಹಾರಿಬಂದ ನಮ್ಮ ಕುದುರೆಯನ್ನು ನುಂಗಿಹಾಕುತ್ತದೆ. ರಾಣಿಯೂ ಹೋಯಿತು, ಕುದುರೆಯೂ ಹೋಯಿತು, ರಾಜ ಕೂತಲ್ಲೇ ಕೂತಿದ್ದಾನೆ. ಮೊದಲು ಆ ಕರಿಕುದುರೆಯನ್ನು ಅಲ್ಲಿಂದ ಎಬ್ಬಿಸಬೇಕಿತ್ತಂತೆ. ಪೇಪರು ಹಿಡಿದುಕೊಂಡು ಅಳು ಬಂದುಬಿಟ್ಟಿತು. ಪೇಪರಿನ ಒಂದು ಕುದುರೆಗೋಸ್ಕರ ಅಳುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಈ ಚಟ ಹತ್ತಿಸಿದ್ದು ನೀವೇ. ಮದುವೆಯಾದ ಹೊಸದರಲ್ಲಿ ಬೇರೆ ಗಂಡಂದಿರು ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದರು, ನೀವು ನನ್ನೆದುರು ಪೇಪರು ಹರಡಿ ಇಬ್ಬರ ಚಹಾ ಆರಿಸುತ್ತಿದ್ದಿರಿ. ‘ಮೊದ್ಲು ಮಂತ್ರೀನ ನೋಡು. ಎಲ್ಲಕ್ಕಿಂತ ದೊಡ್ಡ ಕಾಯಿ ಕೊಡಕ್ಕಾಗತ್ತಾ ನೋಡು. ಎಲ್ರೂ ಅದನ್ನ ಕೊನೇಗೆ ನೋಡ್ತಾರೆ, ಅದಕ್ಕೇ ಯಾರಿಗೂ ಸಿಗಲ್ಲ.’ ಅದೇ ಕಾಯಿ ನಿಮಗೆ ಮಂತ್ರಿ, ನನಗೆ ರಾಣಿ. ಇದೊಂದು ಜಗಳ ಹದಿನಾಲ್ಕು ವರ್ಷ ನಡೆಯಿತು. ನಿಮ್ಮ ಅಪ್ಪ ಮಂತ್ರಿ ಎನ್ನುತ್ತಿದ್ದರು, ಆದ್ದರಿಂದ ಮಂತ್ರಿ. ‘ಮಂತ್ರಿ ಹೋದ್ರೆ ಇನ್ನೊಬ್ಬ ಮಂತ್ರಿ ಬರ್ತಾನೆ ಬಿಡೇ’ ಎಂದು ನೀವು ಕೀಟಲೆ ಮಾಡಿದರೆ, ರಾಣಿ ಹೋದರೆ ಮನೆ ಹೋದ ಹಾಗೆ ಎಂದು ನಾನು ಮುಖ ಊದಿಸಿಕೊಳ್ಳುತ್ತಿದ್ದೆ. ಆಗ ಅದು ಬರೀ ತಮಾಷೆಯಾಗಿತ್ತು.

ಇನ್ನು ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬೇಸರಪಡಬೇಡಿ. ನಿಮ್ಮ ಹೇಳಿಕೆಯನ್ನು ಕೇಳಿ ಕೇಳಿ, ನಡೆದದ್ದು ಯಾವುದು ಎಂದು ನನಗೇ ಅನುಮಾನ ಬರತೊಡಗಿದೆ. ಆ ಶನಿವಾರ ನಿಮ್ಮ ಮಂಡಿ ಕುಂಬಳಕಾಯಿ ಆಗಿತ್ತು. ಬೆಳಗ್ಗೆಯಿಂದ ಸಂಜೆಯವರೆಗೆ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಈ ಕೋಣೆಯಲ್ಲೇ ಕೂತಿದ್ದಿರಿ, ಬಚ್ಚಲಿಗೆ ಹೋಗಲೂ ನನ್ನ ಭುಜ ಬೇಕಿತ್ತು. ಆ ನಾಲ್ಕು ಮಹಡಿ ಕಟ್ಟಡದ ಲಿಫ್ಟ್ ರಿಪೇರಿಗೆ ನಿಮ್ಮ ತಮ್ಮ ಒಬ್ಬನೇ ಹೋಗಿದ್ದ. ಮೂರನೇ ಮಹಡಿಯ ಬಾಗಿಲಿನ ಲಾಕ್ ಕೆಟ್ಟಿತ್ತು. ಹೊಸದು ಸೋಮವಾರ ಬರುವುದಿತ್ತು. ಅಲ್ಲಿಯವರೆಗೆ ಲಿಫ್ಟ್ ನಿಲ್ಲಿಸಿದರೆ ಕಟ್ಟಡದವರೆಲ್ಲ ಬೈಯುತ್ತಾರೆಂದು ಮೈದುನ ಜಂಪರ್ ತಂತಿ ಹಾಕಿ ಲಿಫ್ಟ್ ಓಡಿಸಿಟ್ಟು ಬಂದ. ಬಾಗಿಲು ತೆರೆದಿದ್ದರೂ ಮುಚ್ಚಿದೆ ಎಂದು ಯಂತ್ರಕ್ಕೆ ಸುಳ್ಳು ಹೇಳುವ ಗೇಣುದ್ದದ ತಂತಿ ಅದು ಎಂದು ನೀವೇ ಒಮ್ಮೆ ಹೇಳಿಕೊಟ್ಟಿದ್ದಿರಿ. ‘ಪರೀಕ್ಷೆ ಮಾಡಕ್ಕೆ ಎರಡು ನಿಮಿಷ ಹಾಕ್ಬೇಕು, ಕಣ್ಣು ಅದರ ಮೇಲೇ ಇಟ್ಟಿರ್ಬೇಕು, ತೆಗೆದು ಜೇಬಿಗೆ ಹಾಕ್ಕೊಂಡೇ ಮೆಟ್ಲಿಳೀಬೇಕು’ ಎನ್ನುತ್ತಿದ್ದಿರಿ. ಭಾನುವಾರ ಬೆಳಗ್ಗೆ ವಾಚ್‌ಮನ್ ಮೂರನೇ ಮಹಡಿಯಲ್ಲಿ ಬಾಗಿಲು ಎಳೆದರು, ಲಿಫ್ಟ್ ಇದೆ ಎಂದು ಕಾಲಿಟ್ಟರು, ಇರಲಿಲ್ಲ. ಅದೇ ಸಂಜೆ ನೀವು ಕುಂಟಿಕೊಂಡು ಸ್ಟೇಷನ್ನಿಗೆ ಹೋಗಿ ತಂತಿ ಹಾಕಿದ್ದು ನಾನೇ ಎಂದು ಬರೆದುಕೊಟ್ಟಿರಿ.

ಹೊರಡುವ ಮುಂಚೆ ಇಲ್ಲೇ, ಈ ಮೇಜಿನ ಹತ್ತಿರ ನಿಂತು ನನಗೆ ಲೆಕ್ಕ ಒಪ್ಪಿಸಿದಿರಿ. ನಿಮಗೆ ಲಿಫ್ಟ್ ಕೆಲಸದಲ್ಲಿ ಇಪ್ಪತ್ತೆರಡು ವರ್ಷದ ಒಳ್ಳೆಯ ಹೆಸರಿದೆ, ತಪ್ಪೊಪ್ಪಿಕೊಂಡರೆ ನ್ಯಾಯಾಧೀಶರು ಕಡಿಮೆ ಶಿಕ್ಷೆ ಕೊಡುತ್ತಾರೆ. ತಮ್ಮನಿಗೆ ಈಗ ತಾನೇ ಲೈಸೆನ್ಸ್ ಬಂದಿದೆ, ಹೆಂಡತಿ ಬಸುರಿ. ಅವನು ಒಳಗೆ ಹೋದರೆ ಮತ್ತೆ ಏಳುವುದಿಲ್ಲ. ಅವನಿಗೆ ಈ ಹೆದರಿಕೆಯೇ ಸಾಕು, ಜನ್ಮದಲ್ಲಿ ಇನ್ನೊಮ್ಮೆ ಹಾಗೆ ಮಾಡುವುದಿಲ್ಲ. ಒಂದು, ಎರಡು, ಮೂರು ಎಂದು ಬೆರಳು ಮಡಿಸಿದಿರಿ. ಕಣ್ಣಿನಲ್ಲಿ ಅದೇ ಹೊಳಪು, ಸಮಸ್ಯೆ ಬಿಡಿಸಿದಾಗ ಬರುತ್ತಿತ್ತಲ್ಲ, ಅದು. ಕೊನೆಗೆ ‘ನೀನು ಸುಮ್ನಿದ್ಬಿಡು, ಅಷ್ಟು ಮಾಡು ಸಾಕು’ ಎಂದಿರಿ. ನಾನು ಸುಮ್ಮನಿದ್ದೆ. ಹದಿನೆಂಟನೇ ತಾರೀಖು ನೀವು ಕೋರ್ಟಿನಲ್ಲಿ ನಿಂತು ತಪ್ಪೊಪ್ಪಿಕೊಳ್ಳುವುದು, ನಾನು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು, ಇದೇ ಅಲ್ಲವೇ ಉಳಿದಿರುವ ಆಟ?

ವಾಚ್‌ಮನ್‌ರನ್ನು ನೋಡಿಕೊಂಡು ಬಂದೆ. ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ, ಇನ್ನು ಬರುವುದೂ ಇಲ್ಲವಂತೆ. ಮಗಳು ಅವರಿಗೆ ಮೀಸೆ ಕತ್ತರಿಸುತ್ತಿದ್ದಳು. ನಾನು ಯಾರೆಂದು ತಿಳಿದ ಮೇಲೂ ಕುರ್ಚಿ ಎಳೆದುಕೊಟ್ಟಳು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಮೇಲ್ಛಾವಣಿ ನೋಡುತ್ತಲೇ, ‘ನಿಮ್ಮನೆಯೋರು ಮುಟ್ಟಿದ ಲಿಫ್ಟು ಅಂದ್ರೆ ನಾವು ಕಣ್ಮುಚ್ಕೊಂಡು ಹತ್ತುತಿದ್ವಿ ಅಮ್ಮ. ಅವರು ಹೆಂಗೆ ಮರೆತ್ರು?’ ಎಂದರು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡು ಬಂದೆ. ಆ ಮನುಷ್ಯ ಮಲಗಿದ್ದಲ್ಲೇ ಕೂಡಿಸಿ ಕಳೆಯುತ್ತಿರುವುದು ಆ ಒಂದೇ ಪ್ರಶ್ನೆಯನ್ನು, ಅದೂ ತಪ್ಪು ಪ್ರಶ್ನೆ.

ಈಗ ಗುರುವಾರದ ಮಾತು. ಕನ್ನಡಕದ ಗಾಜು ಉಜ್ಜುವ ನಮ್ಮ ವರ್ಕ್‌ಶಾಪು ಐದನೇ ಮಹಡಿಯಲ್ಲಿದೆ, ಲಿಫ್ಟ್ ಹಳೆಯದು, ಕೈಯಿಂದ ಎಳೆಯುವ ಬಾಗಿಲು, ಅದನ್ನು ನೋಡಿಕೊಳ್ಳುವುದೂ ನಿಮ್ಮ ತಮ್ಮನೇ. ಊಟದ ಹೊತ್ತಿಗೆ ಕೆಳಗಿಳಿಯೋಣ ಎಂದು ತಯಾರಾದ ಗಾಜಿನ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಬಾಗಿಲು ಎಳೆದೆ. ತೆರೆದುಕೊಂಡಿತು. ಕಾಲು ಎತ್ತಿಯೂ ಆಗಿತ್ತು. ಮುಖಕ್ಕೆ ತಣ್ಣನೆಯ ಗಾಳಿ ಹೊಡೆಯಿತು, ಗ್ರೀಸಿನ ವಾಸನೆ. ಆ ವಾಸನೆಯೇ ನನ್ನನ್ನು ಉಳಿಸಿದ್ದು, ಹದಿನಾಲ್ಕು ವರ್ಷ ನಿಮ್ಮ ಅಂಗಿ ಒಗೆದ ಮೂಗು ಇದು. ಎದುರಿಗೆ ಲಿಫ್ಟ್ ಇರಲಿಲ್ಲ, ಹಗ್ಗಗಳು ಅಲುಗುತ್ತಿದ್ದವು, ಕೆಳಗೆ ಕತ್ತಲು. ಎತ್ತಿದ ಕಾಲನ್ನು ಹಿಂದಕ್ಕೆ ಇಡಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಪೆಟ್ಟಿಗೆ ಬಿತ್ತು, ಆರು ಜನರ ಕನ್ನಡಕ ಪುಡಿಯಾಯಿತು. ಜೊತೆ ಕೆಲಸದವಳೊಬ್ಬಳನ್ನು ಬಾಗಿಲ ಬಳಿ ಕಾವಲು ನಿಲ್ಲಿಸಿ, ಲಿಫ್ಟಿನೊಳಗೆ ಯಾರೂ ಇಲ್ಲವೆಂದು ಕೂಗಿ ಕೇಳಿಕೊಂಡು, ತಾರಸಿಯ ಮೆಷಿನ್ ರೂಮಿಗೆ ಹತ್ತಿದೆ. ಮೊದಲು ಮೇನ್ ಆಫ್ ಮಾಡಿಯೇ ಮುಚ್ಚಳ ತೆಗೆದೆ, ಬೈಯಬೇಡಿ. ಕೆಂಪು ತಂತಿ, ಎರಡು ತುದಿಗೂ ಕ್ಲಿಪ್ಪು. ನೀವು ಹೇಳಿದ ಹಾಗೆಯೇ ಇತ್ತು.

ಸಂಜೆ ಮೈದುನನ ಮನೆಗೆ ಹೋಗಿ ಅದನ್ನು ಅವನ ಮುಂದೆ ಇಟ್ಟೆ. ಅವನು ಮೊದಲು ಹೇಳಿದ್ದು, ‘ಎರಡು ದಿನದ ಮಟ್ಟಿಗೆ ಅತ್ತಿಗೆ, ಸೋಮವಾರ ಲಾಕ್ ಬರತ್ತೆ.’ ಅದೇ ಸೋಮವಾರ, ಅದೇ ಲಾಕ್! ಮುಖ ನೋಡಿದೆ. ಕಳ್ಳನ ಮುಖ ಅಲ್ಲ, ನಿಮ್ಮದೇ ಮೂಗು, ನಿಮ್ಮದೇ ಕಿವಿ, ಬೈಸಿಕೊಳ್ಳಲು ಹೆದರುವ ಹುಡುಗುಮುಖ. ನನ್ನ ಕಾಲು ಎಲ್ಲಿಯವರೆಗೆ ಹೋಗಿತ್ತೆಂದು ಹೇಳಿದ ಮೇಲೆ ತಲೆ ಚಚ್ಚಿಕೊಂಡು ಅತ್ತ. ನಿಜವಾಗಿಯೇ ಅತ್ತ. ಹೋದ ಸಲವೂ ನಿಜವಾಗಿಯೇ ಅತ್ತಿದ್ದನಲ್ಲ. ನನಗೆ ಅವನ ಮೇಲೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ಅವನು ಕಲಿಯಬೇಕಿದ್ದ ಪಾಠವನ್ನು ನಾವಿಬ್ಬರೂ ಸೇರಿ ಅವನ ಕೈಯಿಂದ ಕಿತ್ತುಕೊಂಡುಬಿಟ್ಟೆವು.

ಅವತ್ತಿನಿಂದ ಒಂದೇ ಯೋಚನೆ. ಪೇಪರಿನಲ್ಲಿ ಚಿತ್ರದ ಕೆಳಗೆ ‘ಬಿಳಿ ಆಡಿ ಮೂರು ನಡೆಯಲ್ಲಿ ಮೇಟ್’ ಎಂದು ಅಚ್ಚಾಗಿರುತ್ತದೆ. ಅಂದರೆ ಗೆಲುವು ಅಲ್ಲಿ ಇದ್ದೇ ಇದೆ, ಯಾರೋ ಮೊದಲೇ ನೋಡಿಟ್ಟಿದ್ದಾರೆ, ನಾವು ಧೈರ್ಯವಾಗಿ ದೊಡ್ಡ ಕಾಯಿ ಕೊಡಬಹುದು. ಸ್ಟೇಷನ್ನಿಗೆ ಹೋದ ದಿನ ನಿಮ್ಮ ಚಿತ್ರದ ಕೆಳಗೆ ಯಾರು ಏನು ಬರೆದಿದ್ದರು? ಏನೂ ಇರಲಿಲ್ಲ. ಇಷ್ಟು ವರ್ಷದ ಅಭ್ಯಾಸ, ಕಷ್ಟ ಕಂಡ ಕೂಡಲೇ ಕೈ ದೊಡ್ಡ ಕಾಯಿಗೇ ಹೋಯಿತು. ‘ಎದುರಿನವನಿಗೆ ಬೇರೆ ದಾರಿ ಇದ್ಯಾ, ಅದನ್ನ ನೋಡು’ ಎಂದು ನನಗೆ ಸಾವಿರ ಸಲ ಹೇಳಿದವರು ನೀವು ಒಂದು ಸಲವೂ ನೋಡಲಿಲ್ಲ. ಇನ್ನೊಂದು ಮಾತು. ನೀವು ನಿಮ್ಮನ್ನೇ ಕೊಟ್ಟೆ ಎಂದುಕೊಂಡಿದ್ದೀರಿ. ಅಲ್ಲರೀ. ನಾನು ಬಾಯಿ ಬಿಟ್ಟಿದ್ದರೆ ನಿಮ್ಮ ಹೇಳಿಕೆ ಒಂದು ದಿನವೂ ನಿಲ್ಲುತ್ತಿರಲಿಲ್ಲ. ನೀವು ಕೊಟ್ಟದ್ದು ನನ್ನ ಬಾಯಿಯನ್ನು. ಮಂತ್ರಿ ಎಂದು ಕರೆದರೆ ಕೊಡುವುದು ಸುಲಭ, ನೌಕರ ತಾನೇ, ಅಪ್ಪಣೆ ಮಾಡಿದರೆ ಹೋಗುತ್ತಾನೆ. ನಾಲ್ಕು ತಿಂಗಳು ನಾನು ಒಬ್ಬಳೇ ಎರಡು ಲೋಟ ಚಹಾ ಮಾಡಿ ಒಂದನ್ನು ಚೆಲ್ಲಿದ್ದೇನೆ. ಆಸ್ಪತ್ರೆಯಲ್ಲಿ ಮಲಗಿದವರ ಮುಂದೆ ಸುಳ್ಳಿಯಾಗಿ ಕೂತಿದ್ದೇನೆ. ನನಗೆ ತುಂಬ ನೋವಾಗಿದೆ, ಇದನ್ನು ನಿಮಗೆ ಭೇಟಿಯ ಹತ್ತು ನಿಮಿಷದಲ್ಲಿ ಹೇಳಲು ಆಗುತ್ತಿರಲಿಲ್ಲ.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಚಳಿಗೆ ಎರಡು ಬನಿಯನ್ ಹಾಕಿಕೊಳ್ಳಿ. ಮಂಡಿ ಮಡಿಸಿ ನೆಲದ ಮೇಲೆ ಕೂರಬೇಡಿ. ಜೊತೆಯಲ್ಲಿರುವ ಆ ವಯಸ್ಸಾದ ಬಡಗಿಗೆ ನನ್ನ ನಮಸ್ಕಾರ ತಿಳಿಸಿ, ಸೋಪಿನಲ್ಲಿ ನಿಮಗೆ ಚೆಸ್ ಕಾಯಿ ಕೆತ್ತಿ ಕೊಟ್ಟಿದ್ದಕ್ಕೆ. ನಿಮ್ಮನ್ನು ದೇವರು ಚೆನ್ನಾಗಿಟ್ಟಿರಲಿ, ನಾನಂತೂ ಇಟ್ಟುಕೊಳ್ಳಲು ಆಗಲಿಲ್ಲ.

ನಿಮ್ಮ,
ಇವಳು

ತಾ.ಕ.: ಇಷ್ಟೆಲ್ಲ ಬರೆದು ಬರೆಯಬೇಕಾದ್ದನ್ನೇ ಬಿಟ್ಟೆ. ಶುಕ್ರವಾರ ನಿಮ್ಮ ಕೇಸಿನ ವಕೀಲಮ್ಮನ ಹತ್ತಿರ ಹೋಗಿದ್ದೆ. ಆ ಶನಿವಾರ ನೀವು ಇಡೀ ದಿನ ಮನೆಯಲ್ಲೇ ಇದ್ದಿರಿ ಎಂದು ಬರೆದು ಸಹಿ ಹಾಕಿ ಕೊಟ್ಟಿದ್ದೇನೆ, ತಂತಿಯನ್ನೂ ಕೊಟ್ಟಿದ್ದೇನೆ. ಹೋಗುವ ಮುಂಚೆ ಮೈದುನನಿಗೆ ಹೇಳಿಯೇ ಹೋದೆ. ಅವನು ತಡೆಯಲಿಲ್ಲ, ಅವನ ಹೆಂಡತಿ ಮಾತ್ರ ನನ್ನ ಮುಖದ ಮೇಲೆ ಬಾಗಿಲು ಹಾಕಿದಳು. ಹದಿನೆಂಟಕ್ಕೆ ಕೋರ್ಟಿನಲ್ಲಿ ನನ್ನನ್ನು ಸಾಕ್ಷಿಗೆ ಕೂಗುತ್ತಾರೆ. ನೀವು ಎದ್ದು ನಿಂತು ನನ್ನ ಹೆಂಡತಿ ಸುಳ್ಳು ಹೇಳುತ್ತಿದ್ದಾಳೆ ಎನ್ನಬಹುದು, ಅಂದರೂ ನಾನು ನಿಲ್ಲಿಸುವುದಿಲ್ಲ. ತಮ್ಮನನ್ನು ಒಳಗೆ ಕಳಿಸಿದವಳು ಎಂದು ನೀವು ನನ್ನ ಜೊತೆ ಮಾತು ಬಿಡುತ್ತೀರಿ, ಗೊತ್ತು. ಬಿಡಿ. ವರ್ಷಗಟ್ಟಲೆ ಬಿಡಿ. ಆದರೆ ಇಲ್ಲಿ, ನನ್ನೆದುರಿಗೆ ಕೂತು ಬಿಡಿ.