ತಲೆ ತಾಗಿದ ತೇಗ

ಜೂನ್ 6, ಬೆಳಿಗ್ಗೆ
ಮಳೆ ಬಿಟ್ಟಿದೆ. ತೇಗಕ್ಕೆ ಅರಣ್ಯ ಇಲಾಖೆ ಕೊಟ್ಟ ಗೊಬ್ಬರ. ಬುಡದಿಂದ ಎರಡು ಗೇಣು ಬಿಟ್ಟು ಸುತ್ತ ಗೀರಿ, ಒಂದು ಹಿಡಿ ಹಾಕಿ, ಮೇಲೆ ಮಣ್ಣು. ನಲವತ್ತು ಮರಕ್ಕೇ ಸೊಂಟ ಬಿತ್ತು. ಪಕ್ಕದ ತುಂಡಿನ ಫ್ರೆಮಾ ತನ್ನ ಪಾಲಿನ ಚೀಲವನ್ನು ಮೆಕ್ಕೆಜೋಳಕ್ಕೆ ಸುರಿದು ಕೂತಿದ್ದಾಳೆ.

"ಅಕ್ಕಾ, ನಿನಗೇನು ಹುಚ್ಚಾ? ಮರ ಬೇಗ ಬೆಳೆದಷ್ಟೂ ನಿನ್ನ ಬೇಗ ಓಡಿಸ್ತಾರೆ."

ಸುಳ್ಳಲ್ಲ. ನೆಲ ಅರಣ್ಯದವರದು. ಮರಗಳ ತಲೆ ಒಂದಕ್ಕೊಂದು ತಾಗುವವರೆಗೆ ನಡುವೆ ನಮ್ಮ ಬೆಳೆ. ತಾಗಿದ ವರ್ಷ ಬಂದ್. ಮರಗೆಣಸಿಲ್ಲದಿದ್ದರೆ ಮನೆಯಲ್ಲಿ ಫುಫು ಮುದ್ದೆ ಇಲ್ಲ. ಆದರೂ... ಗೊಬ್ಬರ ಕೈಯಲ್ಲಿಟ್ಟುಕೊಂಡು ಮರಕ್ಕೆ ಮೋಸ ಮಾಡಲು ನನ್ನಿಂದಾಗದು.

ಆಗಸ್ಟ್ 19
ಆಳವಾಗಿ ಅಗೆದು ಮಣ್ಣು ಸಡಿಲ ಮಾಡಿದ ಕಡೆ ತೇಗ ಮೂರು ಆಳೆತ್ತರ. ಕಲ್ಲಿನ ಅಂಚಿನಲ್ಲಿ ಸೋಮಾರಿತನದಿಂದ ಬರೀ ಗುಂಡಿ ತೋಡಿ ನೆಟ್ಟಿದ್ದೆ. ಅದೇ ಗೊಬ್ಬರ, ಅದೇ ಮಳೆ — ಎದೆಮಟ್ಟಕ್ಕೇ ನಿಂತಿವೆ. ನಾಚಿಕೆ.

ನವೆಂಬರ್ 27
ನಾಳೆ ಕುಮಾಸಿ ಪಟ್ಟಣದಿಂದ ಅರಣ್ಯದ ಓಫೋರಿ ಸಾಹೇಬರು ಮರ ಅಳೆಯಲು ಬರುತ್ತಾರೆ. ಫ್ರೆಮಾಳ ಉಪಾಯ: ಕಲ್ಲಿನ ಅಂಚು ಮಾತ್ರ ತೋರಿಸು, ಸುಟ್ಟ ಬಾಳೆಕಾಯಿ ಕೊಡು, ಸಾಗಹಾಕು. ಇನ್ನೊಂದು ವರ್ಷ ನೆಲ ನನ್ನದು. ಒಪ್ಪಿದೆ.

ನವೆಂಬರ್ 28, ಸಂಜೆ
ಕೆಟ್ಟೆ.

ಎಲ್ಲ ಸರಿಯಾಗಿಯೇ ಇತ್ತು. ಸಾಹೇಬರು ಬಾಳೆಕಾಯಿ ತಿಂದರು, ಕುಳ್ಳ ಮರಗಳನ್ನು ನೋಡಿದರು.

"ಏನಮ್ಮ ಸೆರ್ವಾ ಇದು? ಗೊಬ್ಬರ ಮಾರ್ಕೊಂಡ್ಯಾ? ಫ್ರೆಮಾ ಮರಾನೇ ವಾಸಿ!"

ಫ್ರೆಮಾ ಮರ! ಮೈಯೆಲ್ಲ ಉರಿದುಹೋಯಿತು.

"ಬನ್ನಿ ಸಾಹೇಬ್ರೆ, ತೋರಿಸ್ತೀನಿ!"

ನಾನೇ ಕರೆದೊಯ್ದೆ. ಎಷ್ಟು ಆಳ ಅಗೆದೆ, ಎಷ್ಟು ಸಲ ಕಳೆ ಕಿತ್ತೆ — ಅರ್ಧ ಗಂಟೆ ಕೊಚ್ಚಿಕೊಂಡೆ. ಅವರು ಟೇಪು ಸುತ್ತಿ ಅಳೆದು ಮೇಲೆ ನೋಡಿದರು. ನಾನೂ ನೋಡಿದೆ. ಆಕಾಶವೇ ಕಾಣಿಸಲಿಲ್ಲ. ಹಿಂದೆ ಫ್ರೆಮಾ ಹಣೆ ಚಚ್ಚಿಕೊಂಡಳು.

"ಚಿನ್ನದಂಥ ಮರ ಕಣಮ್ಮ. ಈ ಬೆಳೆ ಕಿತ್ಕೋ. ಇನ್ಮೇಲೆ ಏನೂ ನೆಡಬೇಡ."

ಅಳು ಬಂತು. ಹೆಮ್ಮೆಯೂ ಆಯಿತು, ಅದೇ ಸಂಕಟ.

ಮಾರ್ಚ್ 14
ಮೊದಲ ಮಳೆ. ಫ್ರೆಮಾ ತನ್ನ ತುಂಡಿನಲ್ಲಿ ನನಗೆ ಎರಡು ಸಾಲು ಬಿಟ್ಟುಕೊಟ್ಟಳು. ಅವಳ ಹೊಟ್ಟೆ ತಣ್ಣಗಿರಲಿ.

"ಒಂದೇ ಮಾತು ಅಕ್ಕಾ. ನನ್ನ ಮರದ ಬುಡ ಮುಟ್ಟಿದ್ರೆ ನೋಡು!"

ಆಣೆ ಇಟ್ಟೆ. ಮಧ್ಯಾಹ್ನದವರೆಗೆ ಮರಗೆಣಸಿನ ಕಡ್ಡಿ ನೆಟ್ಟೆ. ಅವಳ ತೇಗದ ಬುಡ ಕಲ್ಲಾಗಿದೆ, ಎಲೆ ಹಳದಿ. ನೋಡಲಾಗಲಿಲ್ಲ. ಅವಳು ಊಟಕ್ಕೆ ಹೋದಳು. ಗುದ್ದಲಿ ಕೈಯಲ್ಲೇ ಇತ್ತು. ಒಂದೇ ಒಂದು ಮರಕ್ಕೆ, ಸುಮ್ಮನೆ ಸ್ವಲ್ಪ —