ನನ್ನ ತಂಗಿಯ ಕಡತದಲ್ಲಿ ಬರೆದಿರುವ ‘ಬಿಪಿ’

ಹೃದ್ರೋಗ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ತಂಗಿ ಸತ್ತದ್ದು ಬಿಪಿಯಿಂದಲ್ಲ. ನಿಮ್ಮ ಕಡತ ಹಾಗೆನ್ನುತ್ತದೆ, ಕಡತ ತಪ್ಪು. ತಿದ್ದಿ ಎಂದು ಮೂರು ಅರ್ಜಿ ಕೊಟ್ಟೆ. ರೋಗಿ ತೀರಿಕೊಂಡ ಮೇಲೆ ಕಡತವೂ ಮುಗಿಯಿತು ಎಂದರು ನಿಮ್ಮ ಗುಮಾಸ್ತರು. ಅದಕ್ಕೇ ಊರೆಲ್ಲ ಓದಲೆಂದು ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾವಿಬ್ಬರೂ ಒಂದೇ ಕೋಣೆಯಲ್ಲಿ ಶಾಲಾ ಸಮವಸ್ತ್ರ ಹೊಲಿದು ಬದುಕಿದವರು. ಅವಳು ಕತ್ತರಿಸುತ್ತಿದ್ದಳು, ನಾನು ಹೊಲಿಯುತ್ತಿದ್ದೆ. ಮೂವತ್ತೆಂಟಕ್ಕೇ ಅವಳಿಗೆ ಮೆಟ್ಟಿಲೇರಿದರೆ ಏದುಸಿರು, ಕಣ್ಣು ಕತ್ತಲೆ. ನಿಮ್ಮಲ್ಲಿ ಸ್ಕ್ಯಾನ್ ಮಾಡಿದಾಗ ಹೃದಯದ ಸ್ನಾಯು ದಪ್ಪಗಾಗಿತ್ತು, ರಕ್ತದೊತ್ತಡ ಗಡಿಗಿಂತ ಚೂರು ಮೇಲಿತ್ತು. ಅಷ್ಟೇ ಸಾಕಾಯಿತು. ಉಪ್ಪು ಬಿಡಿ, ಮಾತ್ರೆ ನುಂಗಿ ಎಂದಿರಿ. ಎರಡು ತಿಂಗಳಲ್ಲಿ ಒತ್ತಡ ಹತೋಟಿಗೆ ಬಂತು, ಏದುಸಿರು ಹೋಗಲಿಲ್ಲ. ಇಷ್ಟು ಸಣ್ಣ ಒತ್ತಡಕ್ಕೆ ಇಷ್ಟು ದಪ್ಪವೇ ಎಂಬ ಅನುಮಾನ ಅಷ್ಟು ಮಂದಿ ವಿದ್ವಾಂಸರಲ್ಲಿ ಒಬ್ಬರಿಗಾದರೂ ಬರಬಾರದಿತ್ತೇ? ಒಂದು ಮಧ್ಯಾಹ್ನ ಬಟ್ಟೆಗಂಟು ಹೊತ್ತು ಮೆಟ್ಟಿಲೇರುತ್ತಿದ್ದವಳು ಕುಸಿದಳು. ನಾನು ಮೆಷಿನ್ ಬಿಟ್ಟು ಓಡುವಷ್ಟರಲ್ಲಿ ಮುಗಿದಿತ್ತು.

ಆಮೇಲೆ ನನಗೂ ಎದೆ ಹೊಡೆದುಕೊಳ್ಳತೊಡಗಿತು. ಬೇರೆ ಆಸ್ಪತ್ರೆಗೆ ಹೋದೆ. ಅಲ್ಲಿನ ವೈದ್ಯೆ ಸ್ಕ್ಯಾನ್ ನೋಡಿ, ಪೆನ್ನು ಕೆಳಗಿಟ್ಟು ಕೇಳಿದರು: “ನಿಮ್ಮಪ್ಪ ಹೇಗೆ ತೀರ್ಕೊಂಡ್ರು?”

ನಲವತ್ತೊಂದಕ್ಕೆ, ಕೆಲಸದ ಜಾಗದಲ್ಲಿ ನಿಂತಲ್ಲೇ ಬಿದ್ದು ಎಂದೆ. ಚಿಕ್ಕಪ್ಪನೂ ಹಾಗೆಯೇ. ನನ್ನ ಬಿಪಿ ಸರಿಯಾಗಿಯೇ ಇತ್ತು. ಹೃದಯದ ನಡುಗೋಡೆ ಮಾತ್ರ ದಪ್ಪ. ಇದು ವಂಶದಿಂದ ಬಂದ ಕಾಯಿಲೆ, ಮೈ ದಣಿದರೆ ಹೃದಯ ಹಠಾತ್ತನೆ ನಿಲ್ಲಬಹುದು ಎಂದರು ವೈದ್ಯೆ; ವಂಶದ್ದೇ ಎಂದು ರಕ್ತ ಪರೀಕ್ಷೆಯೂ ಹೇಳಿತು. ಆ ಒಂದು ಪ್ರಶ್ನೆಗೆ ಎಷ್ಟು ಹೊತ್ತು ಬೇಕು ಸ್ವಾಮಿ? ನಿಮ್ಮ ವಿಭಾಗ ನಮ್ಮ ವಿಳಾಸವನ್ನು ಎರಡು ಸಲ ಕೇಳಿತು, ಅಪ್ಪನ ಹೆಸರನ್ನೂ ಬರೆಸಿಕೊಂಡಿತು. ಅಪ್ಪ ಏನಾದರೆಂದು ಕೇಳಲಿಲ್ಲ.

ನನಗೆ ಉಳಿದಿರುವುದು ಒಬ್ಬ ತಮ್ಮ. ಅವನ ಮಗಳಿಗೆ ಹದಿನಾರು, ಓಟದಲ್ಲಿ ಶಾಲೆಗೇ ಮೊದಲು. ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ ಎನ್ನಲು ಹೋದೆ. ಅವನು ಕಡತದ ಪ್ರತಿ ತಂದು ಮುಂದಿಟ್ಟ.

“ಅಕ್ಕಾ, ದೊಡ್ಡಾಸ್ಪತ್ರೆಯವರೇ ಬಿಪಿ ಅಂತ ಬರೆದಿದ್ದಾರೆ. ರಕ್ತದಲ್ಲೇ ದೋಷ ಅಂತ ಹೇಳಿ ಮಗೂನ ಹೆದರಿಸ್ಬೇಡ. ಇನ್ಮೇಲೆ ಬರೋದೂ ಬೇಡ.”

ಫೋನ್ ಮಾಡಿದರೂ ಎತ್ತುವುದಿಲ್ಲ. ಈಗ ಕತ್ತರಿಸುವುದೂ ನಾನೇ, ಹೊಲಿಯುವುದೂ ನಾನೇ. ಮಾತಾಡಬೇಕೆನಿಸಿದರೆ, ಅಳತೆ ಕೊಡಲು ಬಂದ ಮಕ್ಕಳನ್ನು ಬೇಕಾದ್ದಕ್ಕಿಂತ ಚೂರು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುತ್ತೇನೆ.

ನನಗೆ ಪರಿಹಾರ ಬೇಡ, ಕ್ಷಮೆಯೂ ಬೇಡ. ತಂಗಿಯ ಆ ಹಳೆಯ ಸ್ಕ್ಯಾನನ್ನು ಇನ್ನೊಮ್ಮೆ ನೋಡಿ. ಸರಿಯಾದ ಕಾರಣ ಬರೆದು, ಮೊಹರು ಒತ್ತಿ, ನನ್ನ ತಮ್ಮನ ವಿಳಾಸಕ್ಕೆ ಕಳಿಸಿ. ನನ್ನನ್ನು ಅವನು ನಂಬುವುದಿಲ್ಲ; ನಿಮ್ಮನ್ನು ನಂಬುತ್ತಾನೆ. ಬೇಗ ಕಳಿಸಿ. ಬರುವ ತಿಂಗಳು ಹುಡುಗಿಗೆ ಓಟದ ಸ್ಪರ್ಧೆಯಿದೆ.

ಇಂತಿ,
ಮೊಹರಿಲ್ಲದ ಮಾತಿನ
ಒಬ್ಬ ಸೋದರತ್ತೆ